ತೆಂಗಿನ ಕಾಂಡದ ತೂತಿಗೆ ಯಾವ ಬಿರಡೆ?

ಎಂಟು ಹತ್ತು ವರ್ಷದ ತೆಂಗಿನ ಮರ, ಫಸಲಿಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ. ಕಾಂಡದ ಮೇಲೆ ಬೆರಳು ತೂರುವಷ್ಟು ಒಂದು ತೂತು. ಅದರಿಂದ ಕಂದು ಬಣ್ಣದ ರಸ ಇಳಿದಿದೆ, ಅಗಿದು ಉಗುಳಿದಂಥ ನಾರು ಹೊರಗೆ ಬಂದಿದೆ. ಕಾಂಡಕ್ಕೆ ಕಿವಿಗೊಟ್ಟರೆ ಒಳಗೆ ಕರಕರನೆ ಕಡಿಯುವ ಸದ್ದು. ಇದು ಕೆಂಪು ಮೂತಿ ಹುಳುವಿನ ಕೆಲಸ. ಐದರಿಂದ ಇಪ್ಪತ್ತು ವರ್ಷದ ಮರಗಳೆಂದರೆ ಈ ಹುಳುವಿಗೆ ಹೆಚ್ಚು ಇಷ್ಟ. ಸುಳಿ ಬಾಗುವವರೆಗೆ ತಾವು ಕಾದರೆ ಮರ ಉಳಿಯುವುದಿಲ್ಲ. ಅರವತ್ತು ವರ್ಷ ಕಾಯಿ ಕೊಡಬೇಕಾದ ಮರ ಸೌದೆಯಾಗುತ್ತದೆ.

ಮದ್ದು ಹಾಕಬೇಕೆಂಬುದು ಈಗ ಬಹುತೇಕ ರೈತರಿಗೆ ತಿಳಿದಿದೆ. ಆದರೆ ಹಾಕಿದ ಮದ್ದು ಒಳಗೇ ನಿಲ್ಲುವಂತೆ ತೂತನ್ನು ಯಾವುದರಿಂದ ಮುಚ್ಚಬೇಕೆಂಬುದನ್ನು ಯೋಚಿಸುವವರು ಕಡಿಮೆ. ಕೈಗೆ ಸಿಕ್ಕಿದ್ದನ್ನು ತುರುಕಿ ಬರುವುದೇ ಹೆಚ್ಚು. ಮದ್ದು ಸರಿಯಾಗಿದ್ದೂ ಮರ ಸತ್ತಿತೆಂದರೆ ಅನೇಕ ವೇಳೆ ತಪ್ಪು ಬಿರಡೆಯಲ್ಲಿರುತ್ತದೆ.

ಮೊದಲು ಒಂದು ಮಾತು ತಿಳಿದಿರಬೇಕು. ಮಾವು, ಹಲಸು, ಬೇವಿನ ಮರಕ್ಕೆ ಗಾಯವಾದರೆ ತೊಗಟೆಯ ಕೆಳಗಿನ ಬೆಳೆಯುವ ಪದರ ವರ್ಷ ವರ್ಷವೂ ಸುತ್ತಿಕೊಂಡು ಬಂದು ಗಾಯವನ್ನು ಮುಚ್ಚುತ್ತದೆ. ತೆಂಗಿಗೆ ಆ ಪದರವೇ ಇಲ್ಲ. ಅದು ಜೋಳ, ಬಿದಿರುಗಳ ಬಳಗಕ್ಕೆ ಹತ್ತಿರದ್ದು. ಆದುದರಿಂದ ತೆಂಗಿನ ಕಾಂಡಕ್ಕೆ ಬಿದ್ದ ತೂತು ಮರ ಇರುವವರೆಗೂ ತೂತೇ. ಅಲ್ಲಿ ನಾವು ಇಡುವ ಬಿರಡೆಯೇ ಅದಕ್ಕೆ ಚರ್ಮ.

ಹಾಗೆಂದು ರಸ ಸೋರಿದ್ದೆಲ್ಲ ಹುಳುವಲ್ಲ. ತೂತಿಲ್ಲ, ಅಗಿದ ನಾರಿಲ್ಲ, ಬಿರುಕಿನಿಂದ ಕೆಂಗಂದು ರಸ ಮಾತ್ರ ಒಸರಿ ಕಪ್ಪಾಗುತ್ತಿದೆ ಎಂದರೆ ಅದು ಕಾಂಡ ಸೋರುವ ರೋಗ, ಒಂದು ಬಗೆಯ ಬೂಷ್ಟಿನಿಂದ ಬರುವಂಥದು. ಅಲ್ಲಿ ಬಿರಡೆ ಹಾಕಿ ಮುಚ್ಚತಕ್ಕದ್ದಲ್ಲ. ಕೊಳೆತ ಭಾಗವನ್ನು ಕೆತ್ತಿ ತೆಗೆದು ಟ್ರೈಕೋಡರ್ಮಾ ಲೇಪವನ್ನೋ ಬೋರ್ಡೋ ಲೇಪವನ್ನೋ ಹಚ್ಚಬೇಕು.

ಈಗ ಬಿರಡೆಯ ವಿಚಾರ. ಮರ ಕಡೆಯುವ ಕಸುಬಿನವರು ತೂತಿರುವ ತುಂಡನ್ನು ಲೇತಿಗೆ ಕೊಡುವಾಗ, ಲೇತಿನ ಮೊನೆಗೆ ಹಿಡಿತ ಸಿಗಲೆಂದು ಆ ತೂತಿಗೆ ತಾತ್ಕಾಲಿಕವಾಗಿ ಒಂದು ಬಿರಡೆ ಕೂರಿಸುವುದುಂಟು. ಅದು ಅಲುಗದಂತೆ ಕೂರಬೇಕು, ಆದರೆ ಕಡೆಯುವ ಮರಕ್ಕಿಂತ ಮೆದುವಾಗಿರಬೇಕು. ಕೆಲಸ ಮುಗಿದ ಮೇಲೆ ತೂತಿನ ಅಂಚು ಕೀಳದಂತೆ ಹೊರಗೆ ಬರಬೇಕು. ನಮ್ಮ ಜೀವಂತ ಮರಕ್ಕೂ ಬೇಕಾದದ್ದು ಇಂಥ ಬಿರಡೆಯೇ. ಮದ್ದು ಕೆಲಸ ಮಾಡುವಷ್ಟು ದಿನ ಗಾಳಿ ಆಡದಂತೆ ಬಿಗಿಯಾಗಿರಬೇಕು, ನೋಡಬೇಕೆಂದಾಗ ಉಳಿ ಸುತ್ತಿಗೆಯಿಲ್ಲದೆ ಬಿಡಿಸಲು ಬರಬೇಕು.

ಹಳೆ ಬಟ್ಟೆ ತುರುಕುವುದು ಎಲ್ಲ ಕಡೆಯೂ ಇದೆ. ಬಟ್ಟೆ ಮದ್ದನ್ನು ತಾನೇ ಕುಡಿದು ಹೊರಗೆ ಜಿನುಗಿಸುತ್ತದೆ. ಹುಳುವಿಗೆ ಮುಟ್ಟಬೇಕಾದದ್ದು ಕಾಂಡದ ಮೇಲೆ ಇಳಿದು ಹೋಗುತ್ತದೆ. ಸಾಲದ್ದಕ್ಕೆ ವಿಷದ ಚಿಂದಿ ತೋಟದಲ್ಲಿ ಬಿದ್ದಿರುತ್ತದೆ, ದನ ಮಕ್ಕಳು ಓಡಾಡುವ ಜಾಗ. ತೆಂಗಿನ ನಾರಿನದು ಇನ್ನೊಂದು ತೊಂದರೆ. ಹುಳು ಬದುಕಿದೆಯೇ ಎಂಬುದಕ್ಕೆ ನಮಗಿರುವ ಗುರುತು ಹೊಸದಾಗಿ ಹೊರಬರುವ ನಾರು. ತೂತಿನಲ್ಲಿ ನಾವೇ ನಾರು ತುಂಬಿದರೆ ಆ ಗುರುತು ಕೆಡುತ್ತದೆ. ಸಗಣಿ ಒಣಗಿ ಬಿರಿಯುತ್ತದೆ, ಮಳೆಗೆ ಕರಗುತ್ತದೆ. ಬೆಲ್ಲ, ಬಾಳೆಹಣ್ಣು ಮುಂತಾಗಿ ಹುಳಿಯುವ ಪದಾರ್ಥವನ್ನಂತೂ ಅದಕ್ಕೆ ಸೇರಿಸಲೇಬೇಡಿ. ಹುಳಿ ವಾಸನೆಗೆ ಈ ದುಂಬಿ ಹುಡುಕಿಕೊಂಡು ಬರುತ್ತದೆ. ಮೇಣ ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲದು.

ಜಾಲಿ, ಹುಣಸೆಯಂಥ ಗಟ್ಟಿ ಮರದ ಗೂಟ ಹೊಡೆಯುವುದೂ ಸರಿಯಲ್ಲ. ಹೊಡೆದಷ್ಟೂ ತೂತಿನ ಅಂಚು ಜಜ್ಜಿ ಗಾಯ ದೊಡ್ಡದಾಗುತ್ತದೆ. ಹಸಿ ಗೂಟವಾದರೆ ಹದಿನೈದು ದಿನದಲ್ಲಿ ಒಣಗಿ ಸಣ್ಣದಾಗಿ ಸುತ್ತಲೂ ಸಂದು ಬಿಡುತ್ತದೆ. ಗೂಟವೇ ಬೇಕಾದರೆ ಒಣಗಿದ ಕತ್ತಾಳೆ ದಿಂಡೋ ಹಾಲುವಾಣದ ತುಂಡೋ ಆದೀತು. ಎರಡೂ ಮೆದು, ಕೈಯಿಂದ ಒತ್ತಿದರೆ ಕೂರುತ್ತವೆ, ತಿರುಗಿಸಿದರೆ ಬರುತ್ತವೆ.

ಸಿಮೆಂಟಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯವಿದೆ. ಸಿಮೆಂಟನ್ನಾದರೂ ಜೇಡಿಯನ್ನಾದರೂ ಬಳಸಬಹುದೆಂದು ಹೇಳುವುದುಂಟು. ಮೊದಲ ದಿನವೇ ಸಿಮೆಂಟು ಮೆತ್ತುವುದು ನನಗಂತೂ ಒಪ್ಪಿಗೆಯಿಲ್ಲ. ಒಳಗೆ ಹುಳು ಸತ್ತಿತೋ ಬದುಕಿತೋ ನೋಡಬೇಕೆಂದರೆ ಆಗ ಉಳಿ ಹಿಡಿಯಬೇಕು. ಉಳಿ ತಾಗಿದಲ್ಲೆಲ್ಲ ಹೊಸ ಗಾಯ, ಗಾಯವೆಂದರೆ ಈ ದುಂಬಿಗೆ ಮೊಟ್ಟೆಯಿಡುವ ತಾವು. ಸಿಮೆಂಟಿನ ಕಾಲ ಕೊನೆಗೆ ಬರುತ್ತದೆ.

ಉಳಿದದ್ದು ಜೇಡಿ ಮಣ್ಣು. ಹುತ್ತದ ಮಣ್ಣು ಬಹಳ ಒಳ್ಳೆಯದು. ನೊಣವಿನಕೆರೆಯ ಸುತ್ತಿನಲ್ಲಿ ತೋಟಕ್ಕೆ ಹೊಡೆಸಿದ ಕೆರೆ ಗೋಡು ಇದ್ದರೆ ಅದೂ ನಡೆಯುತ್ತದೆ. ಆದರೆ ಬರೀ ಗೋಡು ಒಣಗಿದಾಗ ಬಿರಿಯುವುದರಿಂದ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಬೆರೆಸಬೇಕು. ಕಲ್ಲು, ಬೇರು ಆಯ್ದು ರಾತ್ರಿ ನೆನೆಹಾಕಿ, ಬೆಳಿಗ್ಗೆ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಮಾಡಿ ಎರಡು ದಿನ ನೆರಳಲ್ಲಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಸಾಲದು, ಉದುರಿದರೆ ಮರಳು ಹೆಚ್ಚಾಯಿತು.

ಮದ್ದು ಹಾಕುವ ದಿನ ಮೊದಲು ಬಲಿತ ಕಾಯಿಗಳನ್ನು ಇಳಿಸಿಕೊಳ್ಳಿ. ಆಮೇಲೆ ಬುಡದಿಂದ ಸುಳಿಯವರೆಗೆ ಮರವನ್ನು ಸುತ್ತಿ ನೋಡಿ ಎಲ್ಲ ತೂತುಗಳನ್ನೂ ಗುರುತಿಸಿ. ಒಂದು ತಪ್ಪಿದರೂ ಮದ್ದು ಅಲ್ಲಿಂದ ಹೊರಗೆ ಬರುತ್ತದೆ. ಎಲ್ಲಕ್ಕಿಂತ ಮೇಲಿನ ತೂತೊಂದನ್ನು ಬಿಟ್ಟು ಉಳಿದವನ್ನು ಜೇಡಿಯಿಂದ ಮುಚ್ಚಿ. ಎರಡು ಅಂಗುಲ ಆಳ ಸಾಕು. ಇನ್ನೂ ಒಳಕ್ಕೆ ತಳ್ಳಿದರೆ ಮದ್ದು ಹರಿಯುವ ದಾರಿಯೇ ಕಟ್ಟುತ್ತದೆ. ಹೊರಗೆ ಅಂಚಿನ ಸುತ್ತ ಒಂದು ಬೆರಳಗಲ ಮೆತ್ತಿ ನುಣುಪು ಮಾಡಿ. ಮೇಲಿನ ತೂತಿಗೆ ಲಾಳಿಕೆಯಿಟ್ಟು, ಒಂದು ಲೀಟರ್ ನೀರಿಗೆ ಇಮಿಡಾಕ್ಲೋಪ್ರಿಡ್ 1 ಮಿ.ಲೀ. ಬೆರೆಸಿ ನಿಧಾನವಾಗಿ ಸುರಿಯಿರಿ. ನಂತರ ಆ ತೂತಿಗೆ ಕತ್ತಾಳೆ ದಿಂಡಿನ ಬಿರಡೆ ಕೂರಿಸಿ ಮೇಲೆ ಜೇಡಿ ಮೆತ್ತಿ. ಹಿಂದೆ ಇದಕ್ಕೆ ಕಾರ್ಬರಿಲ್ ಪುಡಿ ಹೇಳುತ್ತಿದ್ದರು. ಅದನ್ನು 2018ರಲ್ಲಿ ಸರ್ಕಾರ ನಿಷೇಧಿಸಿದೆ, ಅಟ್ಟದ ಮೇಲೆ ಹಳೆಯದಿದ್ದರೂ ಬಳಸಕೂಡದು. ಕೈಗೆ ರಬ್ಬರ್ ಗವಸು ಬೇಕು. ಈ ಮದ್ದು ಜೇನಿಗೆ ವಿಷ, ಹೊರಗೆ ಚೆಲ್ಲಬೇಡಿ. ಆ ಮರದ ಎಳನೀರನ್ನು ಒಂದೂವರೆ ತಿಂಗಳು ಮುಟ್ಟಬೇಡಿ, ಮರಕ್ಕೆ ಸುಣ್ಣದ ಪಟ್ಟೆ ಬಳಿದರೆ ಕಾಯಿ ಕೀಳುವವರಿಗೂ ಗುರುತಾಗುತ್ತದೆ.

ಹತ್ತು ದಿನ ಬಿಟ್ಟು ಹೋಗಿ ನೋಡಿ. ಜೇಡಿಯನ್ನು ಒಳಗಿನಿಂದ ತಳ್ಳಿದ್ದರೆ, ಹೊಸ ರಸ ಕಂಡರೆ, ಸದ್ದು ಕೇಳಿದರೆ ಹುಳು ಬದುಕಿದೆ. ಮರಿಹುಳು ಒಂದರಿಂದ ಎರಡೂವರೆ ತಿಂಗಳು ಕಾಂಡದೊಳಗೆ ತಿನ್ನುತ್ತಿರುತ್ತದೆ, ಕಾಯುವುದರಲ್ಲಿ ಅರ್ಥವಿಲ್ಲ. ಜೇಡಿಯನ್ನು ನೀರು ಹಾಕಿ ನೆನೆಸಿದರೆ ಚಾಕುವಿನ ತುದಿಗೇ ಬಿಡುತ್ತದೆ. ಇನ್ನೊಮ್ಮೆ ಮದ್ದು ಹಾಕಿ ಮತ್ತೆ ಮುಚ್ಚಿ. ಮೂರು ವಾರ ಯಾವ ಗುರುತೂ ಕಾಣದಿದ್ದರೆ ಆಗ ತಾತ್ಕಾಲಿಕ ಬಿರಡೆಯನ್ನು ತೆಗೆದು, ಬಾಯಲ್ಲಿರುವ ಕೊಳೆತ ನಾರನ್ನು ಕೆರೆದು, ಸಿಮೆಂಟು ಮರಳಿನ ಗಾರೆ ತುಂಬಿ. ಗಾರೆಯ ಮುಖ ಹೊರಕ್ಕೆ ಇಳಿಜಾರಾಗಿರಲಿ, ಮಳೆನೀರು ನಿಲ್ಲಬಾರದು. ಒಣಗಿದ ಮೇಲೆ ಅಂಚಿಗೆ ಡಾಂಬರು ಬಳಿಯಿರಿ.

ನಮ್ಮ ಕೈಯಿಂದಲೇ ಆಗುವ ತೂತುಗಳೂ ಇವೆ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಕಚ್ಚು ಹಾಕುವುದು, ಬೇಲಿ ತಂತಿಗೆ ಮೊಳೆ ಹೊಡೆಯುವುದು, ಉಳುವಾಗ ಟ್ರ್ಯಾಕ್ಟರ್ ಬುಡಕ್ಕೆ ತಾಗಿಸುವುದು, ಇವೆಲ್ಲ ಹುಳುವಿಗೆ ಬಾಗಿಲು. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯಿರಿ. ಸುಳಿ ಕೊರೆಯುವ ಕೊಂಬಿನ ದುಂಬಿಯ ಗಾಯದಲ್ಲೂ ಕೆಂಪು ಮೂತಿ ಹುಳು ಮೊಟ್ಟೆಯಿಡುವುದರಿಂದ ತಿಪ್ಪೆಗುಂಡಿಯಲ್ಲಿ ಸಿಗುವ ಆ ದುಂಬಿಯ ಮರಿಗಳನ್ನು ಆರಿಸಿ ಕೊಲ್ಲಬೇಕು. ಒಂದೇ ಮರದಲ್ಲಿ ನಾಲ್ಕಾರು ತೂತು ಕಂಡು, ಸುಳಿ ಎಳೆದರೆ ಕೈಗೆ ಬರುತ್ತದೆಂದಾದರೆ ಬಿರಡೆಯ ಖರ್ಚು ದಂಡ. ಅಂಥ ಮರವನ್ನು ಕಡಿದು, ಸೀಳಿ, ಒಳಗಿನ ಹುಳು ಗೂಡುಗಳ ಸಮೇತ ಅದೇ ದಿನ ಸುಟ್ಟುಬಿಡಿ. ಗೊತ್ತಾಗದಿದ್ದರೆ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಿ, ಹೋಗುವಾಗ ತೂತಿನ ಬಾಯಿಂದ ಬಂದ ನಾರನ್ನು ಒಂದು ಪೊಟ್ಟಣ ಕಟ್ಟಿಕೊಂಡು ಹೋಗಿ.