ಗೀಳು ಮನೋರೋಗ: ಅರಿವು ಮತ್ತು ಚಿಕಿತ್ಸೆ

ಮನೆಗೆ ಬೀಗ ಹಾಕಿ ಬೀದಿಯ ತಿರುವಿಗೆ ಬಂದ ಮೇಲೆ ‘ಬೀಗ ಸರಿಯಾಗಿ ಬಿದ್ದಿದೆಯೇ?’ ಎಂಬ ಅನುಮಾನ ನಮ್ಮಲ್ಲಿ ಹಲವರಿಗೆ ಬರುತ್ತದೆ. ಹಿಂದಿರುಗಿ ಒಮ್ಮೆ ಎಳೆದು ನೋಡಿದರೆ ಸಮಾಧಾನವಾಗುತ್ತದೆ. ನಾವು ಅದನ್ನು ಮರೆತು ಮುಂದೆ ನಡೆಯುತ್ತೇವೆ. ಕೆಲವರಿಗೆ ಇಪ್ಪತ್ತು ಸಲ ಎಳೆದು ನೋಡಿದರೂ ಅನುಮಾನ ಬಿಡುವುದಿಲ್ಲ. ಕಣ್ಣೆದುರಿಗೆ ಬೀಗ ಕಾಣುತ್ತಿದೆ, ಕೈಗೆ ತಗಲುತ್ತಿದೆ. ಆದರೂ ಮನಸ್ಸು ಒಪ್ಪುವುದಿಲ್ಲ. ಇದು ದುರ್ಬಲ ಮನಸ್ಸಿನ ಗುರುತೂ ಅಲ್ಲ, ದೆವ್ವದ ಕಾಟವೂ ಅಲ್ಲ. ಇದು ಗೀಳು ಮನೋರೋಗ. ವೈದ್ಯರು ಇದನ್ನು ಒ.ಸಿ.ಡಿ. ಎಂದೂ ಕರೆಯುತ್ತಾರೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ದೇಶದ 12 ರಾಜ್ಯಗಳಲ್ಲಿ ನಡೆಸಿತು. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 0.8ರಷ್ಟು ಮಂದಿಗೆ, ಎಂದರೆ ಸಾವಿರಕ್ಕೆ ಎಂಟು ಜನರಿಗೆ, ಈ ಕಾಯಿಲೆಯಿದೆ. ಇದು ಹೆಚ್ಚಾಗಿ ಬಾಲ್ಯದ ಕೊನೆಯಲ್ಲಿ, ಹದಿಹರೆಯದಲ್ಲಿ ಅಥವಾ ತಾರುಣ್ಯದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇದನ್ನು ಮೊದಲು ಗುರುತಿಸುವ ಅವಕಾಶ ಹಲವು ವೇಳೆ ಶಿಕ್ಷಕರಿಗೇ ಇರುತ್ತದೆ.

ಎರಡು ಭಾಗಗಳು

ಈ ಕಾಯಿಲೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಗೀಳು ಯೋಚನೆ. ‘ಕೈಗೆ ಕೊಳೆ ಅಂಟಿದೆ’, ‘ಗ್ಯಾಸ್ ಆಫ್ ಮಾಡಿಲ್ಲ’, ‘ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?’ ಎಂಬಂಥ ಯೋಚನೆಗಳು ಬೇಡವೆಂದರೂ ನುಗ್ಗುತ್ತವೆ. ದೇವರ ಮುಂದೆ ನಿಂತಾಗಲೇ ಕೆಟ್ಟ ಬೈಗುಳ ಮನಸ್ಸಿಗೆ ಬಂದು ಕಂಗಾಲಾಗುವವರಿದ್ದಾರೆ. ಎರಡನೆಯದು ಗೀಳು ವರ್ತನೆ. ಯೋಚನೆ ಹುಟ್ಟಿಸಿದ ಆತಂಕವನ್ನು ತಗ್ಗಿಸಲು ಮತ್ತೆ ಮತ್ತೆ ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು, ವಸ್ತುಗಳನ್ನು ಒಂದೇ ಸಾಲಿಗೆ ಜೋಡಿಸುವುದು ಇತ್ಯಾದಿ. ಕೆಲವರು ಮನಸ್ಸಿನೊಳಗೇ ಜಪ ಮಾಡುತ್ತಾರೆ ಅಥವಾ ಲೆಕ್ಕ ಹಾಕುತ್ತಾರೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ಇಂಥ ಬೇಡದ ಯೋಚನೆಗಳು ರೋಗಿಗಳಿಗೆ ಮಾತ್ರ ಬರುವುದಿಲ್ಲ. 1978ರಲ್ಲಿ ರ‍್ಯಾಕ್‌ಮನ್ ಮತ್ತು ಡಿಸಿಲ್ವ ಎಂಬ ಮನೋವಿಜ್ಞಾನಿಗಳು ಆರೋಗ್ಯವಂತರನ್ನು ವಿಚಾರಿಸಿದಾಗ, ಅವರಲ್ಲಿ ಬಹುಪಾಲು ಜನ ತಮಗೂ ಇಂಥ ಯೋಚನೆಗಳು ಬರುತ್ತವೆ ಎಂದರು. ಆರೋಗ್ಯವಂತರಲ್ಲಿ ಯೋಚನೆ ಬಂದ ಹಾಗೆಯೇ ಹೋಗುತ್ತದೆ. ಕಾಯಿಲೆಯಿರುವವರು ಅದಕ್ಕೆ ಭಾರಿ ಅರ್ಥ ಕೊಟ್ಟು, ‘ಇಂಥದ್ದು ನನಗೆ ಹೊಳೆಯಿತಲ್ಲ, ನಾನೆಂಥ ಪಾಪಿ!’ ಎಂದು ನರಳುತ್ತಾರೆ. ಮಗುವಿಗೆ ಹಾನಿಯಾದೀತೆಂದು ಹೀಗೆ ಹೆದರುವ ತಾಯಿ ಆ ಯೋಚನೆಯನ್ನು ದ್ವೇಷಿಸುತ್ತಾಳೆ. ಅದು ಅವಳ ಬಯಕೆಯಲ್ಲ.

ಮಡಿ ಮತ್ತು ಗೀಳು

ಮಡಿ, ಶುಚಿ, ಶಾಸ್ತ್ರ ಇರುವ ನಮ್ಮ ಮನೆಗಳಲ್ಲಿ ಕಾಯಿಲೆಯನ್ನು ಗುರುತಿಸುವುದು ಹೇಗೆ? ಆಚರಣೆಗೆ ಒಂದು ಕೊನೆಯಿದೆ. ಮಡಿಯುಟ್ಟು ಪೂಜೆ ಮುಗಿಸಿದವರಿಗೆ ನೆಮ್ಮದಿ ಸಿಗುತ್ತದೆ, ಬಳಿಕ ಊಟಕ್ಕೆ ಕೂರುತ್ತಾರೆ. ಗೀಳಿಗೆ ಕೊನೆಯಿಲ್ಲ. ಮೂರು ಬಕೆಟ್ ನೀರು ಖಾಲಿಯಾದರೂ ಸ್ನಾನ ಮುಗಿಯುವುದಿಲ್ಲ. ಇದು ಅತಿಯಾಯಿತೆಂದು ಹೆಚ್ಚಿನ ರೋಗಿಗಳಿಗೆ ಗೊತ್ತಿರುತ್ತದೆ, ಆದರೆ ನಿಲ್ಲಿಸಲಾಗುವುದಿಲ್ಲ. ಇಂಥ ಯೋಚನೆ ಹಾಗೂ ವರ್ತನೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿಂದರೆ, ಅಥವಾ ಓದು, ಕೆಲಸ, ಸಂಸಾರಗಳನ್ನು ಕೆಡಿಸಿದರೆ, ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ತೀವ್ರತೆಯನ್ನು ಅಳೆಯಲು 1989ರಲ್ಲಿ ಪ್ರಕಟವಾದ ಯೇಲ್-ಬ್ರೌನ್ ಮಾಪನವಿದೆ. ಅದರಲ್ಲಿ ಹತ್ತು ಅಂಶಗಳಿದ್ದು ಒಟ್ಟು 40 ಅಂಕ.

ಮಿದುಳಿನಲ್ಲಿ ಏನಾಗುತ್ತದೆ?

ಹಣೆಯ ಹಿಂಬದಿಯ ಮಿದುಳಿನ ಭಾಗ ‘ಏನೋ ತಪ್ಪಾಗಿದೆ’ ಎಂಬ ಎಚ್ಚರಿಕೆ ಕೊಡುತ್ತದೆ. ಮಿದುಳಿನ ಆಳದಲ್ಲಿರುವ ಕಾಡೇಟ್ ಮತ್ತು ಥಲಾಮಸ್ ಎಂಬ ಭಾಗಗಳೊಡನೆ ಸೇರಿ ಅದು ಒಂದು ಮಂಡಲವಾಗಿ ಕೆಲಸ ಮಾಡುತ್ತದೆ. ಗೀಳು ಕಾಯಿಲೆಯಲ್ಲಿ ಈ ಮಂಡಲ ಅತಿಯಾಗಿ ಚಟುವಟಿಕೆಯಿಂದಿರುತ್ತದೆ. ಕಳ್ಳನಿಲ್ಲದಿದ್ದರೂ ಬಡಿದುಕೊಳ್ಳುತ್ತಲೇ ಇರುವ ಕಳ್ಳಗಂಟೆಯಂತೆ ಎನ್ನಬಹುದು. ಸಿರೊಟೋನಿನ್ ಎಂಬ ನರವಾಹಕಕ್ಕೂ ಇದಕ್ಕೂ ಸಂಬಂಧವಿದೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಕಾಯಿಲೆಯ ಸಾಧ್ಯತೆ ಇತರರಿಗಿಂತ ಹೆಚ್ಚು. ಆದರೆ ಬಂದೇ ತೀರುತ್ತದೆ ಎಂದೇನಿಲ್ಲ.

1992ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು. ಕೆಲವು ರೋಗಿಗಳು ಔಷಧಿಯಿಂದ, ಮತ್ತೆ ಕೆಲವರು ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆಯಿಂದ ಸುಧಾರಿಸಿದ್ದರು. ಎರಡೂ ಗುಂಪುಗಳಲ್ಲಿ ಬಲಬದಿಯ ಕಾಡೇಟ್‌ನ ಗ್ಲೂಕೋಸ್ ಬಳಕೆ ತಗ್ಗಿತ್ತು. ಅಭ್ಯಾಸವೂ ಮಿದುಳನ್ನು ಬದಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ವರ್ತನಾ ಚಿಕಿತ್ಸೆ

ತೊಳೆದ ತಕ್ಷಣ ಆತಂಕ ಇಳಿಯುತ್ತದೆ. ‘ತೊಳೆದಿದ್ದರಿಂದಲೇ ಪಾರಾದೆ’ ಎಂದು ಮಿದುಳು ಕಲಿಯುತ್ತದೆ. ಮುಂದಿನ ಸಲ ಭಯ ಬಂದಾಗ ತೊಳೆಯುವ ಒತ್ತಡ ಇನ್ನೂ ಹೆಚ್ಚು. ಹೀಗೆ ಆ ಕ್ಷಣಕ್ಕೆ ಸಿಗುವ ಸಮಾಧಾನವೇ ಕಾಯಿಲೆಗೆ ಗೊಬ್ಬರವಾಗುತ್ತದೆ. ಈ ಸರಪಳಿಯನ್ನು ಮುರಿಯುವ ವಿಧಾನವನ್ನು 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ವರದಿ ಮಾಡಿದರು. ಭಯ ಹುಟ್ಟಿಸುವ ಸನ್ನಿವೇಶಕ್ಕೆ ಒಡ್ಡಿಕೊಳ್ಳುವುದು, ಆದರೆ ಗೀಳು ವರ್ತನೆಯನ್ನು ತಡೆಯುವುದು. ಇದೇ ‘ಒಡ್ಡಿಕೆ ಮತ್ತು ಪ್ರತಿಕ್ರಿಯೆ ತಡೆ’.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಹಿನಕಲ್‌ನಿಂದ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯೊಬ್ಬಳಿಗೆ ಬಸ್ಸಿನ ಕಂಬಿ ಮುಟ್ಟಲು ಭಯ. ಮನೆಗೆ ಬಂದೊಡನೆ ಗಂಟೆಗಟ್ಟಲೆ ತೊಳೆಯುತ್ತಾಳೆ, ಪುಸ್ತಕದ ಚೀಲವನ್ನೂ ಒರೆಸುತ್ತಾಳೆ. ಚಿಕಿತ್ಸಕರು ಅವಳೊಡನೆ ಕೂತು ಭಯಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಒಂದು ಏಣಿಯನ್ನು ಸಿದ್ಧಪಡಿಸುತ್ತಾರೆ. ಚೀಲವನ್ನು ಮುಟ್ಟಿ ಅರ್ಧ ಗಂಟೆ ಕೈ ತೊಳೆಯದಿರುವುದು: 30 ಅಂಕ. ಕಂಬಿಯನ್ನು ಒಂದು ಬೆರಳಿನಿಂದ ಮುಟ್ಟುವುದು: 50. ಹಿನಕಲ್‌ನಿಂದ ಕಾಲೇಜಿನವರೆಗೂ ಕಂಬಿ ಹಿಡಿದು ನಿಲ್ಲುವುದು: 80. ಕೆಳಗಿನ ಮೆಟ್ಟಿಲಿನಿಂದ ಆರಂಭ. ಮೊದಮೊದಲು ಆತಂಕ ಏರುತ್ತದೆ. ತೊಳೆಯದೆ ತಾಳಿಕೊಂಡರೆ ಅದು ತಾನಾಗಿಯೇ ಇಳಿಯುತ್ತದೆ. ಹೆದರಿದ ಅನಾಹುತವೂ ಆಗುವುದಿಲ್ಲ. ದಿನವೂ ಅಭ್ಯಾಸ ಮಾಡಿದಂತೆ ಮೊದಲ ಮೆಟ್ಟಿಲು ಸಲೀಸಾಗಿ, ಮುಂದಿನದಕ್ಕೆ ಧೈರ್ಯ ಬರುತ್ತದೆ. ಊಟಕ್ಕೆ ಮುನ್ನ ಎಲ್ಲರಂತೆ ಒಮ್ಮೆ ಕೈ ತೊಳೆಯುವುದಕ್ಕೆ ಅಡ್ಡಿಯಿಲ್ಲ.

ಔಷಧಿಗಳು

ಸಿರೊಟೋನಿನ್ ಮೇಲೆ ಪರಿಣಾಮ ಬೀರುವ ಫ್ಲೂಆಕ್ಸಟೀನ್, ಸರ್ಟ್ರಲೀನ್, ಫ್ಲೂವಾಕ್ಸಮೀನ್ ಮುಂತಾದ ಔಷಧಿಗಳನ್ನು ಮೊದಲು ಬಳಸುತ್ತಾರೆ. ಹಳೆಯದಾದ ಕ್ಲೋಮಿಪ್ರಮೀನ್ ಕೂಡ ಪರಿಣಾಮಕಾರಿ, ಆದರೆ ಅಡ್ಡಪರಿಣಾಮ ಹೆಚ್ಚು. ಇವು ನೋವಿನ ಮಾತ್ರೆಯಂತೆ ತಕ್ಷಣ ಕೆಲಸ ಮಾಡುವುದಿಲ್ಲ. ಪೂರ್ಣ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಬೇಕಾದೀತು. ಎರಡು ವಾರಕ್ಕೇ ‘ಪ್ರಯೋಜನವಿಲ್ಲ’ ಎಂದು ಬಿಡುವುದು ದೊಡ್ಡ ತಪ್ಪು. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ತಗ್ಗಿಸಬೇಕು. ಔಷಧಿಯ ಜೊತೆಗೆ ವರ್ತನಾ ಚಿಕಿತ್ಸೆಯೂ ಸೇರಿದರೆ ಹಲವರಿಗೆ ಹೆಚ್ಚು ಅನುಕೂಲ.

ಮನೆ ಮತ್ತು ಶಾಲೆ

‘ಅಮ್ಮಾ, ಕೈ ಶುದ್ಧವಾಗಿದೆ ತಾನೇ?’ ಎಂದು ಮಗಳು ಐವತ್ತು ಸಲ ಕೇಳಿದರೆ ತಾಯಿ ಐವತ್ತು ಸಲವೂ ‘ಹೂಂ’ ಎನ್ನುತ್ತಾಳೆ. ಪ್ರೀತಿಯಿಂದ ಹೇಳಿದ ಈ ‘ಹೂಂ’ ಸಹ ತೊಳೆಯುವುದರಂತೆಯೇ ಗೀಳಿಗೆ ಗೊಬ್ಬರ. ಗದರಿಸಿ ತಡೆಯುವುದರಿಂದಲೂ ಆತಂಕ ಹೆಚ್ಚುತ್ತದೆ. ‘ಇದು ಕಾಯಿಲೆ ಕೇಳಿಸುತ್ತಿರುವ ಪ್ರಶ್ನೆ. ನಿನ್ನ ಜೊತೆಗಿದ್ದೇನೆ, ಸ್ವಲ್ಪ ತಾಳು’ ಎನ್ನುವುದು ಮೂರನೆಯ ದಾರಿ. ಇಂಥ ಬದಲಾವಣೆಯನ್ನು ಚಿಕಿತ್ಸಕರ ಸಲಹೆಯಂತೆ, ಮಗುವಿಗೆ ಮೊದಲೇ ತಿಳಿಸಿ, ಹಂತಹಂತವಾಗಿ ಮಾಡಬೇಕು.

ಹಾಳೆ ಹರಿಯುವಷ್ಟು ರಬ್ಬರಿನಿಂದ ಅಳಿಸಿ ಬರೆಯುವುದು, ಒಂದೇ ಸಾಲನ್ನು ಪದೇ ಪದೇ ಓದುವುದು, ಉತ್ತರ ಗೊತ್ತಿದ್ದೂ ಪರೀಕ್ಷೆ ಮುಗಿಸಲಾಗದಿರುವುದು, ತೊಳೆದು ತೊಳೆದು ಬಿರಿದ ಕೈಗಳು – ಇವು ಶಿಕ್ಷಕರು ಗಮನಿಸಬೇಕಾದ ಚಿಹ್ನೆಗಳು. ‘ನಿಧಾನಿ’ ಎಂದು ತರಗತಿಯಲ್ಲಿ ನಗೆಪಾಟಲು ಮಾಡದೆ, ಆ ವಿದ್ಯಾರ್ಥಿಯೊಡನೆ ಒಂಟಿಯಾಗಿ ಮಾತನಾಡಿ, ಬಳಿಕ ಪೋಷಕರಿಗೆ ತಿಳಿಸಬೇಕು. ನಾಚಿಕೆಯಿಂದ ಕಾಯಿಲೆಯನ್ನು ವರ್ಷಗಟ್ಟಲೆ ಬಚ್ಚಿಡುವವರೇ ಹೆಚ್ಚು. ಅಷ್ಟರಲ್ಲಿ ಓದಿನ ಅಮೂಲ್ಯ ವರ್ಷಗಳು ಕಳೆದಿರುತ್ತವೆ.

ಹಿನಕಲ್ ಸುತ್ತಮುತ್ತಲಿನವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಗೀಳು ಎಲ್ಲರಲ್ಲೂ ಪೂರ್ತಿ ಮಾಯವಾಗದಿರಬಹುದು. ಆದರೆ ಚಿಕಿತ್ಸೆ ಪಡೆದವರಲ್ಲಿ ಬಹಳಷ್ಟು ಮಂದಿ ಓದು, ಉದ್ಯೋಗ, ಸಂಸಾರಗಳಿಗೆ ಮರಳುತ್ತಾರೆ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಈ ಹಾದಿ ಸುಲಭ.