ಕೆರೆ ಏರಿ, ಕಾಲುವೆ ದಂಡೆಯ ಸೈಕಲ್ ಸವಾರಿ ಮತ್ತು ದಂಪತಿಗಳ ಆರೋಗ್ಯ



ಮೋಟಾರು ಸೈಕಲ್ಲು ಮನೆಗೆ ಬಂದ ಮೇಲೆ ತುಳಿಯುವ ಸೈಕಲ್ಲಿನ ಅವಶ್ಯಕತೆ ತೀರಿತೆಂಬ ಭಾವನೆ ನಮ್ಮ ಗ್ರಾಮಗಳಲ್ಲಿ ಬೇರೂರಿದೆ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ಆ ವರ್ಷಗಳಲ್ಲಿ ಮನೆ ಸೇರಿದ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿವೆ. ಅವುಗಳಿಗೆ ಎಣ್ಣೆ ಹಾಕಿ, ಗಾಳಿ ತುಂಬಿ, ಪತಿಪತ್ನಿಯರಿಬ್ಬರೂ ಮರಳಿ ಬಳಸಬೇಕೆಂಬುದೇ ಈ ಲೇಖನದ ಉದ್ದೇಶ.

ಎಲ್ಲಿ ಸವಾರಿ ಮಾಡಬೇಕು?

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯು ಗದ್ದೆ, ತೋಟ ಮತ್ತು ಕೆರೆಗಳ ಸೀಮೆ. ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರ ಜಲಾಶಯದ ಕಾಲುವೆಗಳಿವೆ. ಕಾಲುವೆಯ ತಪಾಸಣೆಗೆಂದು ದಂಡೆಯ ಮೇಲೆ ಹಾಕಿದ ಗರಸು ದಾರಿ, ಕೆರೆಯ ಏರಿ, ಗದ್ದೆ ಬಯಲಿನ ಬಂಡಿದಾರಿ, ಇವುಗಳ ಮೇಲೆ ಲಾರಿ ಬಸ್ಸುಗಳ ಓಡಾಟವಿಲ್ಲ. ಡಾಂಬರು ರಸ್ತೆಯಲ್ಲಿ ಸೈಕಲ್ ಸವಾರನಿಗಿರುವ ದೊಡ್ಡ ಅಪಾಯವೆಂದರೆ ವೇಗವಾಗಿ ಬರುವ ವಾಹನ. ಆ ಅಪಾಯ ಇಲ್ಲಿ ಬಹುಮಟ್ಟಿಗೆ ದೂರವಾಗುತ್ತದೆ. ಹಾಲೆಂಡ್ ದೇಶದಲ್ಲಿ ಹೆಂಗಸರು, ಗಂಡಸರು, ವೃದ್ಧರೆನ್ನದೆ ಎಲ್ಲರೂ ಕಾಲುವೆಯ ಪಕ್ಕದ ಹಾದಿಗಳಲ್ಲಿ ಸೈಕಲ್ಲಿನ ಮೇಲೆಯೇ ಸಂಚರಿಸುತ್ತಾರೆ. ಅಂತಹ ಹಾದಿಗಳು ನಮ್ಮಲ್ಲಿಯೂ ಇವೆ.

ದುಡಿಯುವವರಿಗೆ ವ್ಯಾಯಾಮವೇಕೆ?

"ನಾವು ಹೊಲದಲ್ಲಿ ದುಡಿಯುವವರು, ನಮಗೇಕೆ ವ್ಯಾಯಾಮ?" ಎಂದು ನೀವು ಕೇಳಬಹುದು. ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ದೇಹ ದಣಿಯುವುದು ನಿಜ. ಆದರೆ ಈಗ ಉಳುಮೆಗೆ ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ, ಅಂಗಡಿಗೆ ಮೋಟಾರು ಸೈಕಲ್ಲು ಬಂದಿವೆ. ವರ್ಷದ ಉಳಿದ ತಿಂಗಳುಗಳಲ್ಲಿ ಶರೀರಕ್ಕೆ ಚಲನೆ ಕಡಿಮೆ. ಹಿಂದೆ ಪಟ್ಟಣದ ಕಾಯಿಲೆಗಳೆನಿಸಿದ್ದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಹಳ್ಳಿಯ ಮನೆಗಳನ್ನೂ ಪ್ರವೇಶಿಸಿವೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿದೆ. ದಿನಕ್ಕೆ 30 ನಿಮಿಷದಂತೆ ವಾರದಲ್ಲಿ 5 ದಿನ ಸೈಕಲ್ಲು ತುಳಿದರೆ ಈ ಅಗತ್ಯದ ಕನಿಷ್ಠ ಮಿತಿ ಪೂರೈಸುತ್ತದೆ. ತುಳಿಯುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲದಂತಿರಬೇಕು. ಇದೇ ಸಾಧಾರಣ ಶ್ರಮದ ಅಳತೆ. ಶರೀರದ ಭಾರವನ್ನು ಬಹುಪಾಲು ಆಸನವೇ ಹೊರುವುದರಿಂದ ಮಂಡಿನೋವುಳ್ಳವರಿಗೂ ಇದು ಸಾಮಾನ್ಯವಾಗಿ ಸಹ್ಯವಾಗುತ್ತದೆ. ಪೆಡಲು ಕೆಳತುದಿಯಲ್ಲಿರುವಾಗ ಮಂಡಿ ತುಸುವೇ ಬಾಗಿರುವಂತೆ ಆಸನದ ಎತ್ತರವನ್ನು ಹೊಂದಿಸಿಕೊಳ್ಳಿರಿ.

30 ವರ್ಷ ದಾಟಿದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ಜೊತೆಯಲ್ಲಿ ಸಕ್ಕರೆ ಅಥವಾ ಬೆಲ್ಲವನ್ನು ಇಟ್ಟುಕೊಂಡಿರಬೇಕು. ತುಳಿಯುವಾಗ ಎದೆನೋವು ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಿ 108ಕ್ಕೆ ಕರೆಮಾಡತಕ್ಕದ್ದು.

ಸ್ತ್ರೀಯರ ವಿಷಯದಲ್ಲಿ ತಪ್ಪು ಕಲ್ಪನೆಗಳು

ಸೈಕಲ್ಲು ತುಳಿದರೆ ಗರ್ಭಕೋಶ ಜಾರುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಮುಟ್ಟಿನ ದಿನಗಳಲ್ಲಿಯೂ ತಮಗೆ ಹಿತವೆನಿಸಿದರೆ ತುಳಿಯಬಹುದು. ಕಾಪರ್-ಟಿ ಅಳವಡಿಸಿಕೊಂಡವರಿಗೆ ಸೈಕಲ್ಲು ನಿಷಿದ್ಧವಲ್ಲ. ತುಳಿಯುವುದರಿಂದ ಅದು ಕಳಚಿ ಬೀಳುವುದಿಲ್ಲ. ಗರ್ಭಿಣಿಯರು ಮಾತ್ರ, ಬೀಳುವ ಸಂಭವವಿರುವ ಕಾರಣ, ಗರಸು ದಾರಿಯ ಸವಾರಿಯನ್ನು ಬಿಟ್ಟು ನಡಿಗೆಯನ್ನು ಆರಿಸಿಕೊಳ್ಳುವುದು ಲೇಸು. ಹೆರಿಗೆಯ ನಂತರ ಯಾವಾಗ ಆರಂಭಿಸಬೇಕೆಂಬುದನ್ನು, ಅದರಲ್ಲಿಯೂ ಶಸ್ತ್ರಕ್ರಿಯೆಯಿಂದ ಹೆರಿಗೆಯಾಗಿದ್ದರೆ, ವೈದ್ಯರನ್ನು ಕೇಳಿ ನಿರ್ಧರಿಸಿರಿ.

ಶಸ್ತ್ರಚಿಕಿತ್ಸೆಯ ನಂತರ ಸೈಕಲ್ಲು

ಪುರುಷ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡರೆ ಗಂಡಸು ಬಲಹೀನನಾಗುತ್ತಾನೆ, ಸೈಕಲ್ಲು ತುಳಿಯಲಾರ, ನೇಗಿಲು ಹಿಡಿಯಲಾರ ಎಂಬ ಭಯ ಇನ್ನೂ ಹೋಗಿಲ್ಲ. ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯ ಹೊರೆಯೆಲ್ಲ ಹೆಂಡತಿಯ ಮೇಲೆಯೇ ಬೀಳುತ್ತದೆ. ವಾಸ್ತವದಲ್ಲಿ, ಕತ್ತಿಯಿಲ್ಲದೆ ಮಾಡುವ ಇಂದಿನ ಚಿಕಿತ್ಸೆಯು ಸ್ತ್ರೀಯರ ಚಿಕಿತ್ಸೆಗಿಂತ ಸರಳವಾದುದು. ವೀರ್ಯಾಣು ಸಾಗುವ ನಾಳವನ್ನು ಮಾತ್ರ ಇದರಲ್ಲಿ ಮುಚ್ಚಲಾಗುತ್ತದೆ. ಪುರುಷತ್ವಕ್ಕೆ ಕಾರಣವಾದ ರಸವು ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದಕ್ಕೆ ಯಾವ ತಡೆಯೂ ಆಗುವುದಿಲ್ಲ. 48 ಗಂಟೆಗಳ ವಿಶ್ರಾಂತಿಯ ನಂತರ ಸಾಮಾನ್ಯ ಕೆಲಸ ಮಾಡಬಹುದು. ಒಂದು ವಾರದ ನಂತರ ಸೈಕಲ್ಲು ತುಳಿಯಬಹುದು. ಆದರೆ 3 ತಿಂಗಳವರೆಗೆ ನಿರೋಧ್ ಬಳಸಿ, ಅನಂತರ ವೀರ್ಯಪರೀಕ್ಷೆ ಮಾಡಿಸಿಕೊಳ್ಳುವುದನ್ನು ಮರೆಯಬಾರದು. ಸ್ತ್ರೀಯರ ಸಂತಾನಶಕ್ತಿಹರಣ ಚಿಕಿತ್ಸೆಯಾದರೆ 48 ಗಂಟೆಗಳ ನಂತರ ಹಗುರ ಕೆಲಸವನ್ನು ಆರಂಭಿಸಿ, ಎರಡು ವಾರಗಳ ಹೊತ್ತಿಗೆ ಕ್ರಮೇಣ ಎಂದಿನ ದುಡಿಮೆಗೆ ಮರಳಬಹುದು.

ಅವಿಭಕ್ತ ಕುಟುಂಬದ ಮನೆಯಲ್ಲಿ ಇಂತಹ ವಿಷಯಗಳನ್ನು ಮಾತನಾಡಲು ಏಕಾಂತ ಸಿಗುವುದಿಲ್ಲ. ಮುಂದಿನ ಮಗು ಯಾವಾಗ, ಬೇಕೇ ಬೇಡವೇ, ಯಾರು ಚಿಕಿತ್ಸೆ ಮಾಡಿಸಿಕೊಳ್ಳಬೇಕು ಎಂಬುದನ್ನು ಅತ್ತೆ ಮಾವಂದಿರ ಎದುರಿನಲ್ಲಿ ಸೊಸೆಯು ಬಾಯಿಬಿಟ್ಟು ಹೇಳಲಾರಳು. ಸಂಜೆಯ ಅರ್ಧಗಂಟೆ ಏರಿಯ ಮೇಲೆ ಇಬ್ಬರೂ ಜೊತೆಯಾಗಿ ಹೊರಟರೆ ಆ ಮಾತಿಗೆ ಅವಕಾಶ ದೊರೆಯುತ್ತದೆ. ಪತಿಯಾದವನು ಆಗ ಹೆಚ್ಚು ಕೇಳಿ, ಕಡಿಮೆ ಮಾತನಾಡುವುದು ಉಚಿತ. ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿದ್ದರೆ ತಾಯಿಗೂ ಮಗುವಿಗೂ ಕ್ಷೇಮ.

ಕಾಡಂಚಿನ ದಾರಿಯಲ್ಲಿ ಎಚ್ಚರ

ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿಯೇ 1957ರಲ್ಲಿ ಮಂಗನ ಕಾಯಿಲೆಯು ಮೊದಲಿಗೆ ಪತ್ತೆಯಾಯಿತು. ಜಗತ್ತಿನಾದ್ಯಂತ ಈ ರೋಗವನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಇದು ಉಣುಗಿನ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಇದರ ಹಾವಳಿ ಹೆಚ್ಚು. ಆ ತಿಂಗಳುಗಳಲ್ಲಿ ತರಗೆಲೆ ಬಿದ್ದ ಕಾಡುದಾರಿಯನ್ನು ಬಿಟ್ಟು ತೆರೆದ ಗದ್ದೆ ಬಯಲಿನ ದಾರಿಯನ್ನೇ ಹಿಡಿಯಿರಿ. ಕಾಡಿನ ಬದಿಗೆ ಹೋಗಲೇಬೇಕಾದರೆ ಕೈಕಾಲು ಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಡೇಪಾ ತೈಲವನ್ನು ಹಚ್ಚಿಕೊಳ್ಳಿರಿ. ಮನೆಗೆ ಬಂದೊಡನೆ ಬಿಸಿನೀರು ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿರಿ. ಹಠಾತ್ತಾಗಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕಾಲ ಕಳೆಯಬೇಡಿರಿ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಬೇಗನೆ ಆಸ್ಪತ್ರೆ ಸೇರಿದರೆ ಉಪಚಾರದಿಂದ ಜೀವ ಉಳಿಸಿಕೊಳ್ಳಬಹುದು.

ಇತರ ಸೂಚನೆಗಳು

1. ಕಾಲುವೆಯ ದಂಡೆಯಲ್ಲಿ ನೀರಿನ ಬದಿಯನ್ನು ಬಿಟ್ಟು ಗದ್ದೆಯ ಬದಿಗೆ, ಒಬ್ಬರ ಹಿಂದೆ ಒಬ್ಬರು ಸಾಗಿರಿ. ಕಲ್ಲು ಅಥವಾ ಕಾಂಕ್ರೀಟು ಹೊದಿಸಿದ ಕಾಲುವೆಗೆ ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

2. ಮಳೆಗಾಲದಲ್ಲಿ ಏರಿಯ ಮಣ್ಣು ಜಾರುತ್ತದೆ, ಅಂಚು ಕುಸಿಯುತ್ತದೆ. ಆಗ ಏರಿಯ ಸವಾರಿ ಬೇಡ.

3. ಸೀರೆಯ ಸೆರಗು, ಪಂಚೆಯ ಅಂಚು ಸರಪಣಿಗೆ ಸಿಕ್ಕದಂತೆ ಸರಪಣಿಯ ಕವಚವೂ, ಹಿಂದೆ ಕುಳಿತ ಮಗುವಿನ ಪಾದ ಚಕ್ರದ ಕಡ್ಡಿಗಳಿಗೆ ಸಿಕ್ಕದಂತೆ ಜಾಲರಿಯೂ ಇರಲಿ.

4. ಗರಸಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಅದುಮಬಾರದು. ಚಕ್ರ ಜಾರಿ ಬೀಳುವಿರಿ. ಎರಡನ್ನೂ ಮೆಲ್ಲನೆ ಹಿಡಿಯಿರಿ.

5. ಕತ್ತಲಾಗುವ ಮುನ್ನ ಮನೆ ಸೇರಿರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆಮಾಡಿರಿ.

ಮೊದಲ ವಾರ 10 ನಿಮಿಷ ಸಾಕು. ಪ್ರತಿ ವಾರ 5 ನಿಮಿಷ ಹೆಚ್ಚಿಸುತ್ತಾ ಹೋದರೆ ಐದನೆಯ ವಾರದಲ್ಲಿ ಅರ್ಧಗಂಟೆ ಸುಲಭವಾಗುತ್ತದೆ. ಸೈಕಲ್ಲು ಕಲಿಯದ ಗೃಹಿಣಿಯರಿಗೆ ಕೊಯ್ಲಾದ ಮೇಲಿನ ಒಣಗಿದ ಗದ್ದೆಯೇ ಉತ್ತಮ ಕಲಿಕೆಯ ಬಯಲು. ಹಿಂದಿನಿಂದ ಹಿಡಿದು ಕಲಿಸುವ ಹೊಣೆ ಪತಿಯದು.