ಅಲರ್ಜಿ ಮತ್ತು ಕಾವಲು ಕಣಗಳ ಇಂಧನ

ಬಣ್ಣದ ಖಾತೆಯಲ್ಲಿ ದುಡಿಯುವ ಬಂಧುಗಳಿಗೆ ಸೀನು, ಉಬ್ಬಸ, ಮೈತುರಿಕೆ ಹತ್ತಿದರೆ ‘ಮೈಯಲ್ಲಿ ಶಕ್ತಿ ಸಾಲದು’ ಎಂದು ಗ್ಲೂಕೋಸ್ ಪುಡಿಯನ್ನೋ ಟಾನಿಕ್ಕನ್ನೋ ಕೊಳ್ಳುವವರುಂಟು. ಪಗಾರದ ಹಣ ಹೀಗೆ ಹೋಗುವುದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಅಲರ್ಜಿಯು ಅಶಕ್ತಿಯ ರೋಗವಲ್ಲ. ಶರೀರದ ಕಾವಲು ಕಣಗಳು ಬೇಡದ ಕಡೆ ಅತಿಯಾಗಿ ದುಡಿಯುವುದೇ ಅಲರ್ಜಿ. 1906ರಲ್ಲಿ ಈ ಹೆಸರನ್ನಿಟ್ಟವರು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಹತ್ತಿ, ವಿಸ್ಕೋಸ್ ಬಟ್ಟೆಗಳಿಗೆ ಹಾಕುವ ರಿಯಾಕ್ಟಿವ್ ಬಣ್ಣದ ಪುಡಿಯನ್ನೇ ನೋಡೋಣ. ನೂಲನ್ನು ಬಿಗಿಯಾಗಿ ಹಿಡಿಯುವುದು ಅದರ ಗುಣ. ಉಸಿರಿನೊಡನೆ ಒಳಹೊಕ್ಕರೆ ಅದು ಶರೀರದ ಪ್ರೋಟೀನನ್ನೂ ಹಾಗೆಯೇ ಹಿಡಿಯುತ್ತದೆ. ಕೆಲವರ ಶರೀರ ಇದನ್ನು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಆದುದರಿಂದ ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ.

ಈ ತಯಾರಿಗೆ ಇಂಧನ ಬೇಕಷ್ಟೆ. ಸುಮ್ಮನಿರುವ ಟಿ-ಕಣವು ಸಕ್ಕರೆಯನ್ನೂ ಕೊಬ್ಬನ್ನೂ ಆಮ್ಲಜನಕದೊಡನೆ ಪೂರ್ತಿಯಾಗಿ ಉರಿಸುತ್ತದೆ. ಹೀಗೆ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಎಟಿಪಿ ದೊರೆಯುತ್ತದೆ. ಎಟಿಪಿ ಎಂದರೆ ಕಣದೊಳಗಿನ ರೊಕ್ಕ. ಶತ್ರು ಬಂದನೆಂದು ಸುದ್ದಿ ಮುಟ್ಟಿದೊಡನೆ ಅದೇ ಕಣ ಸಕ್ಕರೆಯನ್ನು ಅರ್ಧಂಬರ್ಧ ಒಡೆಯುವ ದಾರಿ ಹಿಡಿಯುತ್ತದೆ. ಅಲ್ಲಿ ಸಿಗುವುದು 2 ಎಟಿಪಿ ಮಾತ್ರ! ದುಂದೆಂದು ತೋರುತ್ತದೆ. ಆದರೆ ಈ ದಾರಿ ಬಲು ವೇಗದ್ದು. ಮೇಲಾಗಿ ಹೊಸ ಕಣಗಳನ್ನು ಕಟ್ಟುವ ಕಚ್ಚಾ ಸಾಮಾನೂ ಇದರಿಂದಲೇ ಒದಗುತ್ತದೆ. ಅರ್ಜೆಂಟ್ ಮಾಲು ಬಂದಾಗ ಕಲ್ಲಿದ್ದಲಿನ ಲೆಕ್ಕ ಯಾರು ನೋಡುತ್ತಾರೆ? ಎಂ-ಟಾರ್ ಎಂಬ ಪ್ರೋಟೀನು ಇಲ್ಲಿಯ ಮುಕಾದಮ. ಪಾಳಿ ಬದಲಿಸುವುದರಲ್ಲಿ ಅದರ ಕೈ ದೊಡ್ಡದು. ಗಲಾಟೆಯನ್ನು ತಣಿಸುವ ನಿಯಂತ್ರಕ ಕಣಗಳೂ ಇವೆ. ಅವು ಬಹುಮಟ್ಟಿಗೆ ಕೊಬ್ಬನ್ನು ನಿಧಾನವಾಗಿ ಉರಿಸಿ ಬಾಳುವಂಥವು.

ಮೂಗು, ಶ್ವಾಸನಾಳ, ಚರ್ಮಗಳಲ್ಲಿ ಮಾಸ್ಟ್ ಕಣಗಳು ಹಿಸ್ಟಮಿನ್ನಿನ ಚೀಲ ಹೊತ್ತು ಕುಳಿತಿರುತ್ತವೆ. ಐಜಿಇ ಇವುಗಳ ಮೈಗೆ ಅಂಟಿಕೊಂಡಿರುತ್ತದೆ. ಪುಡಿ ಮತ್ತೆ ಬಂದು ತಾಕಿದರೆ ಕೆಲವೇ ನಿಮಿಷಗಳಲ್ಲಿ ಚೀಲ ಬಿಚ್ಚುತ್ತವೆ. ಬಿಚ್ಚುವುದಕ್ಕೂ ಎಟಿಪಿ ಬೇಕು. ಪ್ರಯೋಗಾಲಯದಲ್ಲಿ ಶಕ್ತಿಯ ಎರಡೂ ದಾರಿಗಳನ್ನು ಕಟ್ಟಿದಾಗ ಹಿಸ್ಟಮಿನ್ ಹೊರಬರುವುದು ನಿಂತುಹೋಗುತ್ತದೆ. ಹಾಗೆಂದು ಉಪವಾಸ ಕುಳಿತರೆ ಗುಣವಾದೀತೆಂದು ಯಾರೂ ಎಣಿಸಬಾರದು. ಉಂಡರೂ ಬಿಟ್ಟರೂ ರಕ್ತದ ಸಕ್ಕರೆಯನ್ನು ಯಕೃತ್ತು ಒಂದು ಮಟ್ಟದಲ್ಲಿ ಕಾಯುತ್ತದೆ. ಗ್ಲೂಕೋಸ್ ಪುಡಿಯಿಂದ ಲಾಭವಿಲ್ಲದಂತೆ ಹಸಿವಿನಿಂದಲೂ ಲಾಭವಿಲ್ಲ. ಇಂಧನದ ದಾರಿಯನ್ನೇ ತಿದ್ದುವ ಔಷಧಗಳ ಸಂಶೋಧನೆ ನಡೆದಿದೆ, ಅಲರ್ಜಿಗೆ ಅದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಸೀನು ನಿಂತ ದಿನವೂ ಶ್ವಾಸನಾಳದ ಒಳಗೆ ಉರಿಯೂತ ಉಳಿದಿರಬಹುದು. ವೈದ್ಯರು ದಿನವೂ ಎಳೆಯಲು ಹೇಳಿದ ಪಂಪನ್ನು ‘ಚಟವಾದೀತು’ ಎಂದು ನಡುವೆ ಬಿಡುವುದು ಅಪಾಯ. ಕಲರ್ ಕಿಚನ್ನಿನಲ್ಲಿ ಪುಡಿ ತೂಗುವಾಗ ಮುಖಕ್ಕೆ ಕಟ್ಟಿದ ಕರವಸ್ತ್ರ ಸಣ್ಣ ಧೂಳನ್ನು ತಡೆಯಲಾರದು.

ಪಾಳಿಯ ದಿನ ಉಬ್ಬಸ ಹೆಚ್ಚಿ, ರಜೆಯಲ್ಲಿ ಅಥವಾ ಊರಿಗೆ ಹೋದಾಗ ಇಳಿಯುತ್ತಿದ್ದರೆ ತಾರೀಖು ಹಾಕಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಕೆಲವರಿಗೆ ಉಬ್ಬಸ ಪಾಳಿ ಮುಗಿದ ಮೇಲೆ, ರಾತ್ರಿಯಲ್ಲಿ ಬರುವುದುಂಟು, ಅದನ್ನೂ ಬರೆಯಿರಿ. ಬೇರೆ ಖಾತೆಗೆ ಬದಲಿ ಕೇಳುವಾಗ ವೈದ್ಯರ ಚೀಟಿಯೊಡನೆ ಈ ಟಿಪ್ಪಣಿಯೂ ಆಧಾರವಾಗುತ್ತದೆ. ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.